ಸೋನಿಕೇಟರ್ ಕೂಗುತ್ತದೆ, ರಿಯಾಕ್ಷನ್ ಮಾತ್ರ ಮುಂದಕ್ಕೆ ಹೋಗಲ್ಲ: ಮಡಿಕೇರಿ ಮಳೆಗಾಲದ ಒಂದು ದೋಷ ಹುಡುಕಾಟ

ದೂರು ಇಷ್ಟೇ. ಮಾರ್ಚ್‌ನಲ್ಲಿ 20 ನಿಮಿಷಕ್ಕೆ ಮುಗಿಯುತ್ತಿದ್ದ ಚಾಲ್ಕೋನ್ (ಬೆಂಜಾಲ್ಡಿಹೈಡ್, ಅಸಿಟೋಫಿನೋನ್ ಸೇರಿ ಆಗುವ ಹಳದಿ ಹರಳು) ತಯಾರಿ ಜುಲೈನಲ್ಲಿ ಒಂದೂವರೆ ಗಂಟೆಯಾದರೂ ಮುಗಿಯುತ್ತಿಲ್ಲ. ಅದೇ ಸೋನಿಕೇಟರ್ ಬಾತ್ (ಅಲ್ಟ್ರಾಸೌಂಡ್, ಅಂದರೆ ಕಿವಿಗೆ ಕೇಳದಷ್ಟು ತೀಕ್ಷ್ಣ ಶಬ್ದದ ಅಲೆ ಹಾಯಿಸುವ ನೀರಿನ ತೊಟ್ಟಿ), ಅದೇ ಫ್ಲಾಸ್ಕ್, ಅದೇ ಅಳತೆ. ರಿಯಾಕ್ಷನ್ ಎಲ್ಲಿಗೆ ಬಂತೆಂದು ಚುಕ್ಕೆಗಳಲ್ಲಿ ತೋರಿಸುವ ಟಿಎಲ್‌ಸಿ ಪ್ಲೇಟಿನ ಮೇಲೆ ಬೆಂಜಾಲ್ಡಿಹೈಡ್ ಚುಕ್ಕೆ ಹಠ ಹಿಡಿದು ಕೂತಿದೆ. ಮಿಷನ್ನು ಮಾತ್ರ ಕಾಡಿನ ಜೀರುಂಡೆ ಹಾಗೆ ಕೂಗುತ್ತಲೇ ಇದೆ.

ಪ್ರಾಜೆಕ್ಟ್ ಮಾಡುತ್ತಿದ್ದ ನಾಪೋಕ್ಲಿನ ಹುಡುಗಿ ಬಂದು, “ಸರ್, ನಾನೇ ಏನೋ ತಪ್ಪು ಮಾಡಿರ್ಬೇಕು” ಎಂದಳು. ನಮ್ಮ ಅಟೆಂಡರ್ ಅಣ್ಣ, “ಮಿಷನ್ ಸರಿಯಾಗೇ ಇದೆ ಸರ್, ಶಬ್ದ ಕೇಳ್ತಿಲ್ವಾ? ನಿಮ್ಮ ಔಷಧಿನೇ ಹಳೇದು” ಎಂದರು. ನಾನು ಎಲ್ಲವನ್ನೂ ಮಳೆಯ ತಲೆಗೆ ಕಟ್ಟಿದೆ. ಮೂವರಲ್ಲಿ ಒಬ್ಬರ ಮಾತೂ ಪೂರ್ತಿ ಸರಿಯಿರಲಿಲ್ಲ ಅಂತ ತಿಳಿಯಲು ಹತ್ತು ದಿನ ಬೇಕಾಯಿತು.

ಪಾತ್ರೆ ತೊಳೆಯುವ ಕ್ಲೀನಿಂಗ್ ಬಾತನ್ನೇ ರಿಯಾಕ್ಷನ್‌ಗೂ ಬಳಸುವ ಸಣ್ಣ ಕಾಲೇಜುಗಳವರಿಗೆ ಈ ಹತ್ತು ದಿನದ ಕಥೆ ಉಪಯೋಗಕ್ಕೆ ಬರಬಹುದು. ನಮ್ಮದು 3 ಲೀಟರಿನ ಬಾತ್, 40 ಕಿಲೋಹರ್ಟ್ಸ್, ಮೇಲೆ 120 ವಾಟ್ ಎಂದು ಬರೆದಿದೆ. ರಿಯಾಕ್ಷನ್ ಎಲ್ಲರಿಗೂ ಗೊತ್ತಿರುವಂಥದ್ದು: ಅಸಿಟೋಫಿನೋನ್ 1.2 ಗ್ರಾಂ, ಬೆಂಜಾಲ್ಡಿಹೈಡ್ 1.06 ಗ್ರಾಂ, ಎಥನಾಲ್, ಪೊಟ್ಯಾಶಿಯಂ ಹೈಡ್ರಾಕ್ಸೈಡ್. ಕೊನೆಗೆ ತಿಳಿ ಹಳದಿ ಹರಳು ಬರಬೇಕು, ಕರಗುವ ಬಿಂದು 55ರಿಂದ 57 ಡಿಗ್ರಿ.

ಶಬ್ದ ಏನು ಮಾಡುತ್ತದೆ

ಇದು ಗೊತ್ತಿಲ್ಲದೆ ದೋಷ ಹುಡುಕಲು ಆಗಲ್ಲ. ಅಲ್ಟ್ರಾಸೌಂಡ್ ಅಣುವನ್ನು ಹಿಡಿದು ಅಲ್ಲಾಡಿಸುವುದಿಲ್ಲ. 40 ಕಿಲೋಹರ್ಟ್ಸ್ ಅಲೆಯ ಉದ್ದ ನೀರಿನಲ್ಲಿ ಸುಮಾರು 3.7 ಸೆಂಟಿಮೀಟರ್. ಅಣುವಿನ ಮುಂದೆ ಅದು ಬ್ರಹ್ಮಗಿರಿ ಬೆಟ್ಟ. ಕೆಲಸ ಮಾಡುವುದು ಗುಳ್ಳೆ. ಅಲೆ ಎಳೆದಾಗ ದ್ರವದಲ್ಲಿ ಸಣ್ಣ ಗುಳ್ಳೆ ಹುಟ್ಟುತ್ತದೆ, ಕೆಲವು ಅಲೆಗಳಲ್ಲಿ ಬೆಳೆಯುತ್ತದೆ, ಆಮೇಲೆ ಒಮ್ಮೆಲೇ ಒಳಕ್ಕೆ ಕುಸಿಯುತ್ತದೆ. ಆ ಕುಸಿತದ ಜಾಗದಲ್ಲಿ ಕ್ಷಣಮಾತ್ರ ಸುಮಾರು 5,000 ಕೆಲ್ವಿನ್ ಶಾಖ, ನೂರಾರು ಅಟ್ಮಾಸ್ಫಿಯರ್ ಒತ್ತಡ. ಸುತ್ತಲಿನ ದ್ರವ ತಣ್ಣಗೇ ಇರುತ್ತದೆ. ಘನ ಪುಡಿಯ ಪಕ್ಕದಲ್ಲಿ ಗುಳ್ಳೆ ಕುಸಿದರೆ ದ್ರವದ ಸೂಜಿಯಂಥ ಧಾರೆಯೊಂದು ಪುಡಿಯ ಮೇಲ್ಮೈಗೆ ಹೊಡೆದು ಸಿಪ್ಪೆ ಕೀಳುತ್ತದೆ. ಗುಳ್ಳೆ ಹೀಗೆ ಹುಟ್ಟಿ, ಬೆಳೆದು, ಕುಸಿಯುವುದಕ್ಕೇ ಕ್ಯಾವಿಟೇಷನ್ ಅನ್ನುವುದು.

ಹಾಗಾಗಿ ನಮ್ಮ ಕಿವಿಗೆ ಬೀಳುವ ಶಬ್ದ ತೊಟ್ಟಿಯದ್ದು. ಫ್ಲಾಸ್ಕಿನ ಒಳಗೆ ಗುಳ್ಳೆ ಕುಸಿಯುತ್ತಿದೆಯೋ ಇಲ್ಲವೋ ಅಂತ ಅದು ಹೇಳುವುದಿಲ್ಲ. ಅಟೆಂಡರ್ ಅಣ್ಣ ಮೋಸಹೋಗಿದ್ದು ಅಲ್ಲೇ. ನಾನೂ ಅಷ್ಟೇ.

ಮೊದಲು ಮಿಷನ್

ಅಡುಗೆಮನೆಯಲ್ಲಿ ಚಪಾತಿ ಸುತ್ತುವ ಅಲ್ಯೂಮಿನಿಯಂ ಫಾಯಿಲ್ ಸಾಕು. ಬಾತಿನ ಉದ್ದಕ್ಕೆ ಸರಿಯಾಗಿ ಕತ್ತರಿಸಿ, ಸುಕ್ಕಾಗದ ಹಾಗೆ ನೀರಿನಲ್ಲಿ ನೆಟ್ಟಗೆ ನಿಲ್ಲಿಸಿ. ತಳಕ್ಕೆ ತಾಗಬಾರದು. ಬೆರಳನ್ನು ನೀರಿಗೆ ಇಳಿಸದೆ ಮೇಲಿನ ಅಂಚು ಹಿಡಿಯಿರಿ, ಇಲ್ಲವಾದರೆ ಎರಡು ಕ್ಲಿಪ್ ಹಾಕಿ. ಒಂದು ನಿಮಿಷ ಓಡಿಸಿ, ತೆಗೆದು ಕಿಟಕಿಯ ಬೆಳಕಿಗೆ ಹಿಡಿಯಿರಿ.

ನಮ್ಮ ಫಾಯಿಲ್‌ನ ಎಡಗಡೆ ಗೆದ್ದಲು ತಿಂದ ಕಾಗದದ ಹಾಗಿತ್ತು. ಸಣ್ಣ ಸಣ್ಣ ತೂತುಗಳು, ಅವೂ ಅಡ್ಡ ಪಟ್ಟಿಗಳಾಗಿ, ಪಟ್ಟಿಯಿಂದ ಪಟ್ಟಿಗೆ ಎರಡು ಸೆಂಟಿಮೀಟರಿಗೆ ಸ್ವಲ್ಪ ಕಮ್ಮಿ. ಅದು ಅಲೆಯ ಉದ್ದದ ಅರ್ಧ, ಲೆಕ್ಕ ಸರಿಹೋಯಿತು. ಬಲಗಡೆ? ಅಂಗಡಿಯಿಂದ ತಂದಾಗ ಹೇಗಿತ್ತೋ ಹಾಗೇ. ಒಂದು ಗೀರೂ ಇಲ್ಲ. ಹುಡುಗಿ ಫಾಯಿಲ್ ಹಿಡಿದುಕೊಂಡು ನನ್ನ ಮುಖ ನೋಡಿದಳು. ಅವಳು ಮೂರು ವಾರ ಫ್ಲಾಸ್ಕ್ ಇಟ್ಟಿದ್ದು ಬಲಗಡೆ. ಸ್ವಿಚ್‌ಬೋರ್ಡಿಗೆ ಹತ್ತಿರ ಅಂತ.

ನಮ್ಮ ತೊಟ್ಟಿಯ ತಳಕ್ಕೆ ಕೆಳಗಿನಿಂದ ಎರಡು ಟ್ರಾನ್ಸ್‌ಡ್ಯೂಸರ್ (ಕರೆಂಟನ್ನು ನಡುಕವಾಗಿ ಬದಲಿಸುವ ಬಿಲ್ಲೆ) ಅಂಟಿಸಿದ್ದಾರೆ. ಅಂಟು ಬಿಟ್ಟರೆ ಅದು ಗಾಳಿಯಲ್ಲಿ ನಡುಗುತ್ತದೆ, ಶಕ್ತಿ ನೀರಿಗೆ ಏರುವುದಿಲ್ಲ. ಶಬ್ದವೇನೂ ನಿಲ್ಲಲ್ಲ. ಗಮನಿಸಿ ಕೇಳಿದರೆ ಮಾತ್ರ ಒಂದು ಕಡೆ ಜೀರುಂಡೆ, ಇನ್ನೊಂದು ಕಡೆ ಸಡಿಲವಾದ ತಗಡು ಬಡಿದ ಹಾಗೆ ಕೇಳುತ್ತದೆ. ನೀರಿಲ್ಲದೆ ಬಾತ್ ಓಡಿಸಿದರೆ ಹೀಗಾಗುವುದು ಸಾಮಾನ್ಯ. ಯಾರು ಓಡಿಸಿದರು ಅಂತ ನಾನು ಕೇಳಲಿಲ್ಲ, ಉತ್ತರ ನನ್ನ ಕಡೆಗೇ ತಿರುಗುವ ಸಾಧ್ಯತೆ ಇತ್ತು.

ಇಲ್ಲಿ ಒಂದು ಎಚ್ಚರಿಕೆ. ಕೆಳಗಿನ ತಗಡನ್ನು ನೀವೇ ಬಿಚ್ಚಲು ಹೋಗಬೇಡಿ. ಟ್ರಾನ್ಸ್‌ಡ್ಯೂಸರಿಗೆ ಹೋಗುವ ವೋಲ್ಟೇಜ್ ಮನೆಯ ಕರೆಂಟಿಗಿಂತ ಜಾಸ್ತಿ. ಪ್ಲಗ್ ಕಿತ್ತ ಮೇಲೂ ಶಾಕ್ ಹೊಡೆಯಬಹುದು. ನಾವು ಮೈಸೂರಿನ ಒಬ್ಬ ರಿಪೇರಿಯವರಿಗೆ ಕಳಿಸಿದೆವು. ಅವರು ಹಳೆಯ ಅಂಟು ಕೆರೆದು ಹೊಸದಾಗಿ ಎಪಾಕ್ಸಿ ಹಾಕಿ ಕೊಟ್ಟರು. ಕಳಿಸುವ ಮೊದಲು ಎಡಗಡೆಯನ್ನೇ ಬಳಸಿ ಉಳಿದ ಪರೀಕ್ಷೆ ಮುಗಿಸಿದೆವು.

ಫಾಯಿಲ್ ಹೇಳುವುದು ಎಲ್ಲಿ ಶಕ್ತಿ ಇದೆ ಅಂತ. ಎಷ್ಟಿದೆ ಅಂತ ತಿಳಿಯಲು ಥರ್ಮಾಮೀಟರ್ ಬೇಕು. ಫ್ಲಾಸ್ಕಿಗೆ 50 ಮಿಲಿ ನೀರು ಹಾಕಿ, ಬಾತ್ ನೀರಿನದ್ದೂ ಫ್ಲಾಸ್ಕ್ ನೀರಿನದ್ದೂ ಒಂದೇ ತಾಪಮಾನ ಮಾಡಿಕೊಂಡು, ಮೊದಲ ಮೂರು ನಿಮಿಷ ಎಷ್ಟು ಏರುತ್ತದೆ ನೋಡಿ. ಎಡಗಡೆ 1.2 ಡಿಗ್ರಿ ಏರಿತು. 50ನ್ನು 4.18ರಿಂದ, ಅದನ್ನು 1.2ರಿಂದ ಗುಣಿಸಿ 180 ಸೆಕೆಂಡಿಗೆ ಭಾಗಿಸಿದರೆ 1.4 ವಾಟ್. ಬಲಗಡೆ 0.3 ಡಿಗ್ರಿ, ಅಂದರೆ 0.35 ವಾಟ್. ಬಾತಿನ ಮೇಲೆ ಬರೆದಿರುವುದು 120! ಉಳಿದದ್ದೆಲ್ಲ ತೊಟ್ಟಿಯ ನೀರಿಗೆ, ಉಕ್ಕಿಗೆ, ನಮ್ಮ ಕಿವಿಗೆ ಹೋಗುತ್ತದೆ. ಪೇಪರ್‌ಗಳಲ್ಲಿ “120 ವಾಟ್ ಅಲ್ಟ್ರಾಸೌಂಡ್‌ನಲ್ಲಿ” ಎಂದು ಬರೆದಿದ್ದು ಓದಿದಾಗಲೆಲ್ಲ ನನಗೆ ಈಗ ನಗು ಬರುತ್ತದೆ.

ಅಯೋಡೈಡ್ ಪರೀಕ್ಷೆಯೂ ಇದೆ. ಪೊಟ್ಯಾಶಿಯಂ ಅಯೋಡೈಡ್ ದ್ರಾವಣಕ್ಕೆ ಸ್ವಲ್ಪ ಗಂಜಿ ಹಾಕಿ ಇಟ್ಟರೆ, ಕುಸಿಯುವ ಗುಳ್ಳೆಗಳು ನೀರನ್ನು ಒಡೆದು ಅಯೋಡಿನ್ ಬಿಡಿಸಿ ನೀಲಿ ಬರಿಸುತ್ತವೆ. ಕ್ಲೀನಿಂಗ್ ಬಾತಿನಲ್ಲಿ ನೀಲಿ ತೀರಾ ಮಂಕು. ಬಣ್ಣ ಬೇಗ ಬರಲಿ ಅಂತ ಕಾರ್ಬನ್ ಟೆಟ್ರಾಕ್ಲೋರೈಡ್ ಹನಿ ಸೇರಿಸುವ ಹಳೆಯ ಪದ್ಧತಿ ಇದೆ. ಅದು ಲಿವರ್ ಹಾಳು ಮಾಡುವ ವಿಷ, ನಾವಂತೂ ಮುಟ್ಟಲ್ಲ.

ನೀರು

ಫ್ಲಾಸ್ಕನ್ನು ಎಡಗಡೆಗೆ ಬದಲಾಯಿಸಿದ ಮೇಲೆ ಒಂದೂವರೆ ಗಂಟೆಗೂ ಮುಗಿಯದಿದ್ದದ್ದು 70 ನಿಮಿಷಕ್ಕೆ ಇಳಿಯಿತು. ಇನ್ನೂ 20 ಆಗಿಲ್ಲ. ಮುಂದಿನ ಅನುಮಾನ ನೀರಿನ ಮೇಲೆ.

ಮಳೆಗಾಲದಲ್ಲಿ ನಲ್ಲಿಯಿಂದ ಬರುವುದು ತಣ್ಣನೆಯ ನೀರು. ತಣ್ಣಗಿದ್ದಷ್ಟೂ ಅದರಲ್ಲಿ ಕರಗಿದ ಗಾಳಿ ಜಾಸ್ತಿ. ನಲ್ಲಿ ಜೋರಾಗಿ ಬಿಟ್ಟು ತುಂಬಿಸಿದರೆ ಇನ್ನೂ ಜಾಸ್ತಿ. ಹೊಸ ನೀರಲ್ಲಿ ಬಾತ್ ಓಡಿಸಿದಾಗ ಗೋಡೆಗೂ ಫ್ಲಾಸ್ಕಿಗೂ ಸಣ್ಣ ಗುಳ್ಳೆ ಅಂಟಿಕೊಳ್ಳುವುದನ್ನು ನೋಡಿರುತ್ತೀರಿ. ಅವು ಕೆಲಸದ ಗುಳ್ಳೆಗಳಲ್ಲ. ಅಲೆಯನ್ನು ಹೀರಿಕೊಂಡು ದಾರಿಗೆ ಅಡ್ಡ ನಿಲ್ಲುವ ಸೋಮಾರಿ ಗುಳ್ಳೆಗಳು. 10ರಿಂದ 15 ನಿಮಿಷ ಬಾತನ್ನು ಖಾಲಿ ಓಡಿಸಿ, ಅಂದರೆ ನೀರಿರಲಿ, ಫ್ಲಾಸ್ಕ್ ಬೇಡ. ಗಾಳಿ ಹೊರಗೆ ಹೋದ ಹಾಗೆ ಶಬ್ದ ತೀಕ್ಷ್ಣವಾಗುತ್ತದೆ. ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ ಹಾಕಿದರೆ ನೀರು ಗಾಜಿಗೆ ಚೆನ್ನಾಗಿ ಅಂಟುತ್ತದೆ. ನಾಲ್ಕು ಹನಿ ಹಾಕಿದರೆ ನೊರೆ.

ನಮ್ಮಲ್ಲಿ ಶುಚಿತ್ವ ಜಾಸ್ತಿ. ಪ್ರತಿ ಬ್ಯಾಚಿಗೂ ನೀರು ಚೆಲ್ಲಿ ಹೊಸದು ತುಂಬಿಸುತ್ತಿದ್ದರು. ಒಳ್ಳೆಯ ಅಭ್ಯಾಸವೇ, ಆದರೆ ಇಲ್ಲಿ ಕೆಟ್ಟದ್ದಾಯಿತು. ಈಗ ಬೆಳಗ್ಗೆ ಒಮ್ಮೆ ತುಂಬಿಸಿ, ಗಾಳಿ ಬಿಡಿಸಿ, ಇಡೀ ದಿನ ಅದನ್ನೇ ಬಳಸುತ್ತೇವೆ.

ಮಟ್ಟವೂ ಮುಖ್ಯ. ನೀರಿನ ಆಳ ಒಂದು ಸೆಂಟಿಮೀಟರ್ ಆಚೀಚೆಯಾದರೆ ಫಾಯಿಲ್‌ನಲ್ಲಿ ಕಂಡ ಆ ಪಟ್ಟಿಗಳ, ಅಂದರೆ ನಿಂತ ಅಲೆಯ ಪಟ್ಟಿಗಳ ಜಾಗವೇ ಬದಲಾಗುತ್ತದೆ. ನಿನ್ನೆ ಪಟ್ಟಿಯ ಮೇಲೆ ಕೂತಿದ್ದ ಫ್ಲಾಸ್ಕ್ ಇವತ್ತು ಪಟ್ಟಿಗಳ ಮಧ್ಯದ ಸತ್ತ ಜಾಗದಲ್ಲಿ ಕೂರುತ್ತದೆ. ತೊಟ್ಟಿಯ ಒಳಗೋಡೆಗೆ ಮಾರ್ಕರ್‌ನಲ್ಲಿ ಗೆರೆ ಎಳೆಯಿರಿ. ಫ್ಲಾಸ್ಕಿನ ಒಳಗಿನ ದ್ರವದ ಮಟ್ಟ ಹೊರಗಿನ ನೀರಿಗೆ ಸಮ ಇರಲಿ ಅಥವಾ ತುಸು ಕೆಳಗಿರಲಿ. ದುಂಡುತಳದ ಫ್ಲಾಸ್ಕ್‌ಗಿಂತ ಚಪ್ಪಟೆ ತಳದ ಕೋನಿಕಲ್ ಫ್ಲಾಸ್ಕ್ ಅಲೆಯನ್ನು ಚೆನ್ನಾಗಿ ಒಳಗೆ ಬಿಡುತ್ತದೆ. ಅಭ್ಯಾಸಬಲದಿಂದ ನಾವೆಲ್ಲ ದುಂಡುತಳಕ್ಕೇ ಕೈಹಾಕುತ್ತೇವೆ, ಅಲ್ವಾ? ತಳದಲ್ಲಿ ನಕ್ಷತ್ರದಂಥ ಸಣ್ಣ ಬಿರುಕಿದ್ದರೆ ಅದನ್ನು ಬಾತಿಗೆ ಇಳಿಸಲೇಬೇಡಿ.

ಕರೆಂಟು

ಕಕ್ಕಡ ತಿಂಗಳಲ್ಲಿ, ಅಂದರೆ ಕೊಡಗಿನ ಜುಲೈ-ಆಗಸ್ಟ್‌ನ ಜೋರು ಮಳೆಯಲ್ಲಿ, ಇಲ್ಲಿ ಕರೆಂಟು ಇದ್ದರೆ ಅದೇ ಸುದ್ದಿ. ಮರ ಬೀಳುತ್ತದೆ, ಲೈನ್ ಹೋಗುತ್ತದೆ, ಬಂದಾಗ ಬಲ್ಬ್ ಕೆಂಪಗೆ ಉರಿಯುತ್ತದೆ. ಮಲ್ಟಿಮೀಟರ್ ಇಟ್ಟು ನೋಡಿದರೆ ಸಂಜೆ ನಾಲ್ಕಕ್ಕೆ 185 ವೋಲ್ಟ್. ಸಾದಾ ಬಾತುಗಳಲ್ಲಿ ಶಕ್ತಿ ವೋಲ್ಟೇಜಿನ ವರ್ಗದ ಹಾಗೆ ಇಳಿಯುತ್ತದೆ. 230ರ ಜಾಗದಲ್ಲಿ 185 ಬಂದರೆ ಉಳಿಯುವುದು ಸುಮಾರು ಮೂರನೇ ಎರಡು ಪಾಲು. ಪ್ಯಾನೆಲ್ ಮೇಲಿನ ದೀಪಕ್ಕೆ ಇದ್ಯಾವುದೂ ಗೊತ್ತಾಗಲ್ಲ. ಫ್ರಿಜ್ಜಿಗೆ ಇಟ್ಟಿದ್ದ ಸ್ಟೆಬಿಲೈಸರನ್ನು ಇತ್ತ ತಂದೆವು. ಸಂಜೆಯ ಬ್ಯಾಚುಗಳು ಬೆಳಗಿನ ಬ್ಯಾಚುಗಳ ಸಮಕ್ಕೆ ಬಂದವು.

ಎತ್ತರದ ಮಾತೂ ಬಂತು. ಮಡಿಕೇರಿ ಸಮುದ್ರಮಟ್ಟದಿಂದ 1,100 ಮೀಟರಿಗಿಂತ ಮೇಲಿದೆ, ಇಲ್ಲಿ ನೀರು ಸುಮಾರು 96 ಡಿಗ್ರಿಗೇ ಕುದಿಯುತ್ತದೆ. ಹೊರಗಿನ ಒತ್ತಡ ಕಮ್ಮಿಯಾದರೆ ಗುಳ್ಳೆ ಸುಲಭವಾಗಿ ಹುಟ್ಟುತ್ತದೆ, ಕುಸಿತ ತುಸು ಮೆತ್ತಗಾಗುತ್ತದೆ. ನಿಜವೇ. ಆದರೆ ಮಾರ್ಚ್‌ನಲ್ಲೂ ಮಡಿಕೇರಿ ಇಲ್ಲೇ ಇತ್ತು.

ಬಾಟಲಿಗಳು

ಅಟೆಂಡರ್ ಅಣ್ಣನ ಮಾತಿನಲ್ಲಿದ್ದ ಸತ್ಯ ಇಲ್ಲಿದೆ. ಪೊಟ್ಯಾಶಿಯಂ ಹೈಡ್ರಾಕ್ಸೈಡ್ ಗುಳಿಗೆಗಳು ಹಳೆಯ ಬೆಲ್ಲದ ಹಾಗೆ ಬೆವರಿ ಒಂದಕ್ಕೊಂದು ಅಂಟಿದ್ದವು. ಹೊಸ ಬಾಟಲಿಯಲ್ಲೇ ಅದರ ಶುದ್ಧತೆ ಸಾಮಾನ್ಯವಾಗಿ 85 ಶೇಕಡಾ. ಇಲ್ಲಿನ ಮಳೆಗಾಲದಲ್ಲಿ ಮುಚ್ಚಳ ಎರಡು ಸಲ ತೆರೆದರೆ ನೀವು ತೂಗುವುದು ಅರ್ಧ ನೀರು, ಸ್ವಲ್ಪ ಕಾರ್ಬೊನೇಟ್. ಉಪ್ಪಿನ ಡಬ್ಬಿಯೇ ನೀರಾಗುವ ಊರಿದು. ದ್ರಾವಣ ಮಾಡಿಟ್ಟು ಆಮ್ಲದ ಎದುರು ಟೈಟ್ರೇಟ್ ಮಾಡಿ ಬಳಸಿ.

ಬೆಂಜಾಲ್ಡಿಹೈಡ್ ಮುಚ್ಚಳದ ಸುತ್ತ ಬಿಳಿ ಹರಳು ಕಟ್ಟಿದೆಯಾ ನೋಡಿ. ಅದು ಗಾಳಿ ತಾಗಿ ಆದ ಬೆಂಜೋಯಿಕ್ ಆಮ್ಲ. ಇರುವ ಬೇಸನ್ನು, ಅಂದರೆ ಪೊಟ್ಯಾಶಿಯಂ ಹೈಡ್ರಾಕ್ಸೈಡನ್ನು, ಅದು ಮೊದಲು ತಿಂದುಹಾಕುತ್ತದೆ, ಆಮೇಲೆ ರಿಯಾಕ್ಷನ್‌ಗೆ ಉಳಿದಷ್ಟು. ವಾಷಿಂಗ್ ಸೋಡಾ (ಸೋಡಿಯಂ ಕಾರ್ಬೊನೇಟ್) ದ್ರಾವಣದಲ್ಲಿ ತೊಳೆದು, ಒಣಗಿಸಿ, ಕಡಿಮೆ ಒತ್ತಡದಲ್ಲಿ ಡಿಸ್ಟಿಲ್ ಮಾಡಿ.

ಬಯಲುಸೀಮೆಯವರಿಗೆ ಹೊಳೆಯದ ಒಂದು ವಿಷಯ ಅಸಿಟೋಫಿನೋನ್. ಅದು ಸುಮಾರು 20 ಡಿಗ್ರಿಗೆ ಗಟ್ಟಿಯಾಗುತ್ತದೆ. ಜುಲೈ ಬೆಳಗ್ಗೆ ನಮ್ಮ ಲ್ಯಾಬಿನಲ್ಲಿ ಬಾಟಲಿಯ ತಳದಲ್ಲಿ ಕೊಬ್ಬರಿ ಎಣ್ಣೆಯ ಹಾಗೆ ಹೆಪ್ಪುಗಟ್ಟಿತ್ತು. ಪಿಪೆಟ್ಟಿನ ತುದಿಯಲ್ಲೂ ಕಟ್ಟಿಕೊಂಡು ಅಳತೆ ಕಮ್ಮಿ ಬರುತ್ತಿತ್ತು. ಹುಡುಗಿಯ ತಪ್ಪು ಅಂತ ಏನಾದರೂ ಇದ್ದರೆ ಇದೊಂದೇ, ಅದೂ ಅವಳದ್ದಲ್ಲ. ಬಾಟಲಿಯನ್ನು ಬಿಸಿನೀರಲ್ಲಿ ಹತ್ತು ನಿಮಿಷ ಇಟ್ಟು, ಅಲ್ಲಾಡಿಸಿ, ಪಿಪೆಟ್ ಬಿಟ್ಟು ತೂಕದಲ್ಲೇ ತೆಗೆಯಿರಿ.

ಇಷ್ಟೆಲ್ಲ ಸರಿಮಾಡಿದ ಮೇಲೆ 50 ನಿಮಿಷ. ಅಲ್ಲಿಂದ ಕೆಳಗೆ ಇಳಿಯಲೇ ಇಲ್ಲ.

ನಾವು ಮಾಡದೇ ಬಿಟ್ಟಿದ್ದ ಪರೀಕ್ಷೆ

ಬೇಸರದಲ್ಲಿ ಹುಡುಗಿ ಮಾರ್ಚ್ ತಿಂಗಳ ನೋಟ್‌ಬುಕ್ ತಿರುವುತ್ತಿದ್ದಳು. ಅದು ಹಿಂದಿನ ಬ್ಯಾಚಿನ ಹುಡುಗನದ್ದು. ಒಂದು ಪುಟದ ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಬರೆದಿತ್ತು: ಬಾತ್ 46 ಡಿಗ್ರಿ. ಅವನು ಬೆಳಗಿನಿಂದ ಸಾಲಾಗಿ ಬ್ಯಾಚ್ ಹಾಕಿದ್ದ. ಅಲ್ಟ್ರಾಸೌಂಡ್ ಬಾತ್ ಓಡುತ್ತಾ ಹೋದರೆ ನೀರು ತಾನೇ ಬಿಸಿಯಾಗುತ್ತದೆ. ಮಾರ್ಚ್ ಬಿಸಿಲು ಬೇರೆ. ಈಗ ನಮ್ಮ ಬಾತ್ 26 ಡಿಗ್ರಿಯಲ್ಲಿತ್ತು.

ಹತ್ತು ಡಿಗ್ರಿಗೆ ವೇಗ ದುಪ್ಪಟ್ಟು ಅನ್ನುವ ಅಂದಾಜು ಪಿಯುಸಿಯಲ್ಲೇ ಪಾಠ ಮಾಡುತ್ತೇವೆ. 20 ಡಿಗ್ರಿ ಅಂದರೆ ನಾಲ್ಕು ಪಟ್ಟು. 20 ನಿಮಿಷ ನಾಲ್ಕರಿಂದ ಗುಣಿಸಿದರೆ 80. ಶಬ್ದಕ್ಕೆ ಕೊಟ್ಟಿದ್ದ ಹೊಗಳಿಕೆಯಲ್ಲಿ ದೊಡ್ಡ ಪಾಲು ಬಿಸಿನೀರಿಗೆ ಸೇರಬೇಕಿತ್ತು.

ಆಗ ಮಾಡಿದೆವು, ಮೊದಲ ದಿನವೇ ಮಾಡಬೇಕಿದ್ದ ಕೆಲಸವನ್ನು. ಒಂದೇ ಮಿಶ್ರಣ ಎರಡು ಫ್ಲಾಸ್ಕಿಗೆ. ಒಂದು ಬಾತಿನಲ್ಲಿ, ಇನ್ನೊಂದು ಹೊರಗೆ ಅದೇ ತಾಪಮಾನದ ನೀರಲ್ಲಿ, ಮ್ಯಾಗ್ನೆಟ್ ಹಾಕಿ ಜೋರಾಗಿ ಕದಡುತ್ತಾ. 46 ಡಿಗ್ರಿಯಲ್ಲಿ ಬಾತಿನದ್ದು 20 ನಿಮಿಷ, ಹೊರಗಿನದ್ದು 35. 26 ಡಿಗ್ರಿಯಲ್ಲಿ ಬಾತಿನದ್ದು 50 ನಿಮಿಷ, ಹೊರಗಿನದ್ದು ಎರಡೂವರೆ ಗಂಟೆ. ಅಲ್ಟ್ರಾಸೌಂಡ್ ಸುಳ್ಳಲ್ಲ. ಬಿಸಿಯಲ್ಲಿ ಅದರ ಪಾಲು ಕಮ್ಮಿ, ತಂಪಿನಲ್ಲಿ ಜಾಸ್ತಿ.

ಇದಕ್ಕೆ ಕಾರಣ ಮತ್ತೆ ಗುಳ್ಳೆಯಲ್ಲೇ ಇದೆ. ದ್ರವ ಬಿಸಿಯಾದರೆ ಅದರ ಆವಿ ಗುಳ್ಳೆಯೊಳಗೆ ತುಂಬಿಕೊಳ್ಳುತ್ತದೆ, ಕುಸಿಯುವಾಗ ಹಾಸಿಗೆಯ ಮೇಲೆ ಬಿದ್ದ ಹಾಗೆ ಮೆತ್ತಗೆ ಬೀಳುತ್ತದೆ. ಅದಕ್ಕೇ ಈಥರ್, ಡೈಕ್ಲೋರೋಮೀಥೇನ್‌ನಂಥ ಬೇಗ ಆವಿಯಾಗುವ ದ್ರಾವಕಗಳಿಗೆ ಬಾತನ್ನು ಐಸ್ ಹಾಕಿ ತಂಪು ಮಾಡಬೇಕು. ಗಾಳಿಯ ಬದಲು ಆರ್ಗಾನ್ ಬಿಟ್ಟರೆ ಕುಸಿತ ಗಟ್ಟಿ. ಕಾರ್ಬನ್ ಡೈಆಕ್ಸೈಡ್ ಬಿಟ್ಟರೆ ಠುಸ್ಸು.

ಎಲ್ಲ ರಿಯಾಕ್ಷನ್‌ಗೂ ಶಬ್ದದಿಂದ ಒಂದೇ ಲಾಭ ಸಿಗಲ್ಲ. ಎಲ್ಲವೂ ಒಂದೇ ದ್ರವದಲ್ಲಿ ಕರಗಿದ್ದು ಅಯಾನುಗಳ ದಾರಿಯಲ್ಲಿ ನಡೆಯುವುದಾದರೆ ದೊಡ್ಡ ಆಸೆ ಇಟ್ಟುಕೊಳ್ಳಬೇಡಿ. ಘನ ಮತ್ತು ದ್ರವ ಒಟ್ಟಿಗಿದ್ದರೆ ಮೇಲ್ಮೈ ಉಜ್ಜುವುದು, ಪುಡಿ ಒಡೆಯುವುದು, ಕದಡುವುದು ಇವೆಲ್ಲ ಸಿಗುತ್ತವೆ. ಎಲೆಕ್ಟ್ರಾನ್ ಒಂದೊಂದಾಗಿ ದಾಟುವ ರಿಯಾಕ್ಷನ್ ಆದರೆ ಕೆಲವೊಮ್ಮೆ ದಾರಿಯೇ ಬದಲಾಗುತ್ತದೆ. ದಾರಿ ಬದಲಾದದ್ದಕ್ಕೆ 1984ರಲ್ಲಿ ಜಪಾನಿನ ಆಂಡೊ ತಂಡ ತೋರಿಸಿದ ಉದಾಹರಣೆಯನ್ನು ನಾನು ಕ್ಲಾಸಿನಲ್ಲಿ ಬಿಡದೆ ಹೇಳುತ್ತೇನೆ. ಬೆಂಜೈಲ್ ಬ್ರೋಮೈಡ್, ಪೊಟ್ಯಾಶಿಯಂ ಸಯನೈಡ್, ಅಲ್ಯೂಮಿನಾ, ಟಾಲುಯೀನ್. ಸುಮ್ನೆ ಕದಡಿದರೆ ಬೆಂಜೈಲ್ ಗುಂಪು ಟಾಲುಯೀನ್‌ಗೇ ಹೋಗಿ ಅಂಟುತ್ತದೆ. ಅಲ್ಟ್ರಾಸೌಂಡ್ ಕೊಟ್ಟರೆ ಬೆಂಜೈಲ್ ಸಯನೈಡ್ ಬರುತ್ತದೆ. ಪಾತ್ರೆಯಲ್ಲಿರುವುದು ಅದೇ ನಾಲ್ಕು, ಬರುವುದು ಬೇರೆ.

ಲೋಹ ಹಾಕುವವರಿಗೆ ಎರಡು ಮಾತು. ಫ್ರಾನ್ಸಿನ ರಸಾಯನ ವಿಜ್ಞಾನಿ ಲೂಷ್ 1980ರಿಂದ ತೋರಿಸಿದ ಹಾಗೆ ಲಿಥಿಯಂ, ಮೆಗ್ನೀಸಿಯಂ, ಸತುವಿನ ರಿಯಾಕ್ಷನ್‌ಗಳು ಅಲ್ಟ್ರಾಸೌಂಡ್‌ನಲ್ಲಿ ಬೇಗ ಶುರುವಾಗುತ್ತವೆ, ಮೇಲಿನ ಆಕ್ಸೈಡ್ ಸಿಪ್ಪೆ ಕಿತ್ತುಹೋಗುವುದರಿಂದ. ಪೂರ್ತಿ ಒಣಗದ ಈಥರ್‌ನಲ್ಲೂ ಗ್ರಿಗ್ನಾರ್ಡ್ (ಮೆಗ್ನೀಸಿಯಂ ಜೊತೆ ಹ್ಯಾಲೈಡ್ ಸೇರಿಸುವ ರಿಯಾಕ್ಷನ್) ಹಿಡಿದುಕೊಳ್ಳುತ್ತದೆ. ಹಾಗಂತ ಕಕ್ಕಡದ ಗಾಳಿಗೆ ಬಾಯಿ ತೆರೆದಿಟ್ಟ ಈಥರ್‌ನಲ್ಲಿ ಹಿಡಿಯಲ್ಲ. ಶುರುವಾಗಲಿಲ್ಲ ಅಂತ ಹ್ಯಾಲೈಡ್ ಎಲ್ಲ ಒಮ್ಮೆಲೇ ಸುರಿಯಬೇಡಿ. ತಡವಾಗಿ ಹಿಡಿದರೆ ಉಕ್ಕಿ ಹೊರಗೆ ಬರುತ್ತದೆ, ಪಕ್ಕದಲ್ಲೇ ಸ್ವಿಚ್ಚಿನ ಕಿಡಿ ಇರುತ್ತದೆ. ಸೋಡಿಯಂ, ಪೊಟ್ಯಾಶಿಯಂ ಇರುವ ಫ್ಲಾಸ್ಕನ್ನು ನೀರಿನ ಬಾತಿಗೆ ಇಳಿಸಲೇಬೇಡಿ, ಗಾಜು ಒಡೆದರೆ ಕಥೆ ಮುಗಿಯಿತು.

ಪ್ರೋಬ್, ಅಂದರೆ ನೇರವಾಗಿ ದ್ರವದೊಳಗೆ ಮುಳುಗಿಸುವ ಟೈಟಾನಿಯಂ ಕಡ್ಡಿ, ಇರುವವರ ಸಮಸ್ಯೆ ಬೇರೆ. ತುದಿಯ ಹೊಳಪು ಹೋಗಿ ಗುಂಡಿ ಬಿದ್ದಿದ್ದರೆ ಶಕ್ತಿ ಇಳಿದಿದೆ ಅಂತ, ಮತ್ತು ನಿಮ್ಮ ಉತ್ಪನ್ನದಲ್ಲಿ ಕಾಣುವ ಬೂದು ಪುಡಿ ಟೈಟಾನಿಯಂ ಅಂತ. ನಮ್ಮಲ್ಲಿ ಪ್ರೋಬ್ ಇಲ್ಲ.

ಬಾತ್ ಮೈಸೂರಿನಿಂದ ವಾಪಸ್ ಬಂದ ದಿನ ಮೊದಲು ಫಾಯಿಲ್ ಇಳಿಸಿದೆವು. ಎರಡೂ ಕಡೆ ತೂತು. ಹುಡುಗಿ ಅದನ್ನು ತಾರೀಖು ಬರೆದು ನೋಟ್‌ಬುಕ್ಕಿಗೆ ಅಂಟಿಸಿದಳು, ಹಳೆಯ ಅರ್ಧ ಫಾಯಿಲ್‌ನ ಪಕ್ಕಕ್ಕೆ. ಅವಳ ಟೇಬಲ್‌ನಲ್ಲಿ ಈಗ ಸಮಯ ಮತ್ತು ಇಳುವರಿಯ ಜೊತೆ ನಾಲ್ಕು ಹೊಸ ಕಾಲಂ ಇವೆ: ಬಾತ್ ಡಿಗ್ರಿ, ವೋಲ್ಟೇಜ್, ನೀರಿನ ಗೆರೆ, ಕದಡಿದ ಫ್ಲಾಸ್ಕಿನ ಸಮಯ. ಅಟೆಂಡರ್ ಅಣ್ಣ ಬಾತಿನ ಬಲಗಡೆ ಕಿವಿ ಇಟ್ಟು ಕೇಳಿ, “ಈಗ ಎರಡೂ ಜೀರುಂಡೆನೇ ಸರ್” ಎಂದರು.